ತಾತ್ಪರ್ಯ ಹಿಡಿಯುವುದು ಹೇಗೆ? ಪತ್ರ, ಫಾರ್ವರ್ಡ್, ಮಾತು ಓದುವವರಿಗೊಂದು ಮಾರ್ಗದರ್ಶಿ

"ಹಾಲು ಒಲೆ ಮೇಲಿದೆ" ಅಂತ ಹೇಳಿ ಅಮ್ಮ ಹಿತ್ತಿಲಿಗೆ ಹೋಗುತ್ತಾರೆ. ವ್ಯಾಕರಣದ ಲೆಕ್ಕದಲ್ಲಿ ಇದು ಒಂದು ಸಂಗತಿಯ ವರದಿ, ಅಷ್ಟೇ. ಕೇಳಿಸಿಕೊಂಡ ಮಗ "ಹೂಂ" ಅಂದು ಮೊಬೈಲಿನಲ್ಲೇ ಮುಳುಗಿದರೆ ಸ್ವಲ್ಪ ಹೊತ್ತಿಗೆ ಒಲೆಯೆಲ್ಲ ಹಾಲು. ಅವನಿಗೆ ಮೂರು ಪದವೂ ಗೊತ್ತಿತ್ತು, ವಾಕ್ಯವೂ ತಿಳಿದಿತ್ತು. ಕೈತಪ್ಪಿದ್ದು ತಾತ್ಪರ್ಯ: ಉಕ್ಕುವ ಮುಂಚೆ ಆರಿಸು.

ಶಾಲೆಯಲ್ಲಿ "ಪದ್ಯದ ತಾತ್ಪರ್ಯ ಬರೆಯಿರಿ" ಎಂದಾಗ ಹೆಚ್ಚಿನವರು ಬರೆಯುವುದು ಸಾರಾಂಶ. ಎರಡೂ ಒಂದೇ ಅಲ್ಲ. ಬರಹದಲ್ಲಿ ಏನಿದೆ ಎಂಬುದನ್ನು ಚಿಕ್ಕದಾಗಿ ಹೇಳಿದರೆ ಸಾರಾಂಶ. ಬರಹ ಯಾವುದಕ್ಕಾಗಿ ಇದೆ, ಓದಿದವರು ಏನು ಮಾಡಲಿ ಎಂದು ಬರೆದದ್ದು, ಅದನ್ನು ಹಿಡಿದರೆ ತಾತ್ಪರ್ಯ. ಕಚೇರಿಯಿಂದ ಬಂದ ಪತ್ರ, ಬಾಡಿಗೆ ಕರಾರು, ವಾಟ್ಸ್ಆ್ಯಪ್ ಸಂದೇಶ, ಬೀಗರ ಮನೆಯ ಫೋನ್ ಕರೆ, ಎಲ್ಲದರಲ್ಲೂ ನಷ್ಟವಾಗುವುದು ಪದ ಗೊತ್ತಿಲ್ಲದೆ ಅಲ್ಲ, ಇದು ತಪ್ಪಿದಾಗ. ತಾತ್ಪರ್ಯ ಹಿಡಿಯುವುದು ಹುಟ್ಟಿನಿಂದ ಬರುವ ಜಾಣತನವಲ್ಲ. ಅದಕ್ಕೆ ಕ್ರಮವಿದೆ, ಯಾರು ಬೇಕಾದರೂ ಕಲಿಯಬಹುದು.

ಮೊದಲು ಅಂಚು, ಆಮೇಲೆ ಒಳಗು

ವೇದವಾಕ್ಯಗಳ ಅರ್ಥ ನಿರ್ಣಯಿಸುವುದನ್ನೇ ಶಾಸ್ತ್ರ ಮಾಡಿಕೊಂಡಿದ್ದ ನಮ್ಮ ಮೀಮಾಂಸಕರು ಕೊಡುವ ಹಳೆಯ ಉದಾಹರಣೆ ಒಂದಿದೆ. "ಸೈಂಧವ ತೆಗೆದುಕೊಂಡು ಬಾ." ಸೈಂಧವ ಎಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕೂತವನು ಹೇಳಿದರೆ ಉಪ್ಪು, ಹೊರಡಲು ನಿಂತವನು ಹೇಳಿದರೆ ಕುದುರೆ. ಪದಕೋಶ ಎಷ್ಟು ಹುಡುಕಿದರೂ ಇದನ್ನು ತೀರ್ಮಾನಿಸಲಾಗದು. ತೀರ್ಮಾನಿಸುವುದು ಸಂದರ್ಭ.

ಹಾಗಾಗಿ ಯಾವ ಬರಹವನ್ನೂ ಮೊದಲ ಸಾಲಿನಿಂದ ಓದಲು ಶುರು ಮಾಡಬೇಡಿ. ಕಚೇರಿ ಪತ್ರವಾದರೆ ಈ ಸರದಿಯಲ್ಲಿ ಕಣ್ಣಾಡಿಸಿ: ದಿನಾಂಕ, "ಇವರಿಗೆ", "ಉಲ್ಲೇಖ", ಕೊನೆಯಲ್ಲಿರುವ "ಪ್ರತಿ", ಆಮೇಲೆ "ವಿಷಯ". ಉಲ್ಲೇಖದಲ್ಲಿ ನಿಮ್ಮ ಅರ್ಜಿಯ ದಿನಾಂಕ ಇದ್ದರೆ ಅದು ನಿಮಗೆ ಕೊಟ್ಟ ಉತ್ತರ. ಇಲ್ಲದೆ ಬೇರೆ ಕಚೇರಿಯ ಪತ್ರದ ಸಂಖ್ಯೆ ಮಾತ್ರ ಇದ್ದರೆ, ಅವರವರ ನಡುವಿನ ವ್ಯವಹಾರದಲ್ಲಿ ನಿಮ್ಮ ಹೆಸರು ಬಂದಿದೆ ಎಂದರ್ಥ. "ಪ್ರತಿ" ಪಟ್ಟಿಯನ್ನು ಯಾರೂ ಓದುವುದಿಲ್ಲ, ಆದರೆ ಮುಂದಿನ ಕೆಲಸ ಯಾರ ಮೇಜಿನ ಮೇಲಿದೆ ಎಂದು ತಿಳಿಯುವುದು ಅಲ್ಲೇ. ಒಬ್ಬರಿಗೆ "ಮಾಹಿತಿಗಾಗಿ" ಎಂದಿದ್ದರೆ ಅವರು ಓದಿ ಕಡತಕ್ಕೆ ಸೇರಿಸಿದರೆ ಮುಗಿಯಿತು. "ಮುಂದಿನ ಸೂಕ್ತ ಕ್ರಮಕ್ಕಾಗಿ" ಎಂದಿರುವವರನ್ನು ಹೋಗಿ ಕಾಣಬೇಕು. ಎಷ್ಟೋ ಜನ ತಿಂಗಳುಗಟ್ಟಲೆ ಮೊದಲನೆಯವರ ಬಾಗಿಲು ಕಾಯುತ್ತಾರೆ.

ಪತ್ರ ಬಂದ ಲಕೋಟೆಯನ್ನೂ ಬಿಸಾಡಬೇಡಿ. ಗಡುವು "ಈ ಪತ್ರ ತಲುಪಿದ ದಿನಾಂಕದಿಂದ" ಎಂದಿದ್ದರೆ ಅಂಚೆ ಮೊಹರೇ ಸಾಕ್ಷಿ. "ಪ್ರಕಟಣೆಯ ದಿನಾಂಕದಿಂದ" ಎಂದಿದ್ದರೆ ಪತ್ರ ನಿಮ್ಮ ಕೈಗೆ ಬರುವ ಹೊತ್ತಿಗೇ ಅರ್ಧ ದಿನಗಳು ಕಳೆದಿರಬಹುದು.

ವಾಟ್ಸ್ಆ್ಯಪ್ ಸಂದೇಶಕ್ಕೆ ಅಂಚೇ ಇರುವುದಿಲ್ಲ. ಬರೆದವರು ಯಾರು, ಯಾವ ವರ್ಷದ್ದು, ಯಾವ ಊರಿನದು ತಿಳಿಯದು. ಅದೇ ಮೊದಲ ಎಚ್ಚರಿಕೆ. "ನಿನ್ನೆ", "ಇಂದಿನಿಂದ", "ನಮ್ಮ ಜಿಲ್ಲೆಯಲ್ಲಿ" ಎಂಬ ಪದಗಳು ಅಂಥ ಸಂದೇಶದಲ್ಲಿದ್ದರೆ ಅವಕ್ಕೆ ಅರ್ಥವೇ ಇಲ್ಲ. ಯಾರ ನಿನ್ನೆ?

ಜನ ಮಾತಾಡುವುದು ಯಾಕೆ?

ಮಾಹಿತಿ ಕೊಡಲು ಅನ್ನಬಹುದು. ಅದು ಒಂದು ಕಾರಣ ಮಾತ್ರ, ದಿನದ ಮಾತಿನಲ್ಲಿ ದೊಡ್ಡ ಪಾಲೂ ಅಲ್ಲ. ಬೀದಿಯಲ್ಲಿ ಎದುರಾದವರು "ಊಟ ಆಯ್ತಾ?" ಎಂದು ಕೇಳಿದಾಗ ಅವರಿಗೆ ನಿಮ್ಮ ಊಟದ ವಿವರ ಬೇಕಿಲ್ಲ. ನಿಮ್ಮನ್ನು ನೋಡಿದೆ, ನಾವು ಚೆನ್ನಾಗಿದ್ದೇವೆ, ಅಷ್ಟೇ ಆ ಮಾತು. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪದ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಇಂಥ ಮಾತನ್ನು ಬೇರೆಯಾಗಿ ಗುರುತಿಸಿ, ಇದು ಸಂಬಂಧ ಕಟ್ಟುವ ಮಾತು ಎಂದ. 1960ರಲ್ಲಿ ಭಾಷಾಶಾಸ್ತ್ರಜ್ಞ ರೋಮನ್ ಯಾಕೋಬ್‌ಸನ್ ಮಾತಿಗೆ ಆರು ಕೆಲಸಗಳನ್ನು ಪಟ್ಟಿ ಮಾಡಿದ: ಸಂಗತಿ ತಿಳಿಸುವುದು, ಹೇಳುವವರ ಮನಸ್ಸನ್ನು ತೋರುವುದು, ಕೇಳುವವರಿಂದ ಏನಾದರೂ ಮಾಡಿಸುವುದು, ಸಂಪರ್ಕ ಬಿಡದೆ ಇಟ್ಟುಕೊಳ್ಳುವುದು, ಮಾತಿನ ಬಗ್ಗೆಯೇ ಮಾತಾಡುವುದು ("ಅಂದರೆ ಏನರ್ಥ?"), ಮಾತಿನ ಸೊಗಸಿಗಾಗಿಯೇ ಮಾತಾಡುವುದು. ಅವನ ಮಾತಿನಲ್ಲಿ ಕೆಲಸಕ್ಕೆ ಬರುವ ಭಾಗ ಮುಂದಿನದು. ಒಂದೇ ಮಾತಿನಲ್ಲಿ ಇವು ಹಲವು ಕೂಡಿರುತ್ತವೆ, ಆದರೆ ಒಂದು ಮುಂದಾಳಾಗಿರುತ್ತದೆ. ಆ ಒಂದನ್ನು ಗುರುತಿಸುವುದೇ ಓದುಗನ ಕೆಲಸ.

ಗುರುತಿಸಲು ಸುಲಭದ ಪರೀಕ್ಷೆ: ಈ ಮಾತಿಗೆ ಯಾವ ಉತ್ತರ ಬಂದರೆ ಹೇಳಿದವರಿಗೆ ಸಮಾಧಾನವಾಗುತ್ತದೆ? ಪಕ್ಕದ ಮನೆಯವರು "ಅಕ್ಕಾ, ನಿಮ್ಮಲ್ಲಿ ಸ್ವಲ್ಪ ಹೆಪ್ಪು ಇದೆಯಾ?" ಎಂದರೆ "ಇದೆ" ಎಂಬ ಉತ್ತರ ಸಾಲದು, ಬಟ್ಟಲು ಕೈಗೆ ಬರಬೇಕು. ಹಾಗಾದರೆ ಅದು ಪ್ರಶ್ನೆಯ ವೇಷದ ಬೇಡಿಕೆ. ವಯಸ್ಸಾದ ಅತ್ತೆ ಫೋನಿನಲ್ಲಿ "ಮಂಡಿ ನೋವು ಹಾಗೇ ಇದೆಯಮ್ಮಾ" ಎಂದಾಗ ಮೂರು ಮಾತ್ರೆಗಳ ಹೆಸರು ಹೇಳಿ ಫೋನ್ ಇಟ್ಟರೆ ಅವರಿಗೆ ಬೇಸರವಾಗುತ್ತದೆ. ಬೇಕಿದ್ದದ್ದು ಐದು ನಿಮಿಷದ ಮಾತು. ಮನೆಗಳಲ್ಲಿ "ಹೇಳಿದ್ದು ಅರ್ಥವೇ ಆಗಲ್ಲ ಇವರಿಗೆ" ಎಂಬ ಜಗಳ ಹುಟ್ಟುವುದು ಬಹಳ ಸಲ ಇಲ್ಲಿಂದ. ಸಂಬಂಧದ ಮಾತಿಗೆ ಮಾಹಿತಿಯ ಉತ್ತರ, ಅಥವಾ ಮಾಹಿತಿ ಕೇಳಿದವರಿಗೆ ಬರೀ ಸಮಾಧಾನದ ಉತ್ತರ.

ಸಂಬೋಧನೆ ಬದಲಾದರೂ ಗಮನಿಸಿ. ತಾಯಿಯನ್ನು "ನೀನು" ಎನ್ನುವುದು ಸಲಿಗೆ. ವರ್ಷಗಳಿಂದ "ನೀವು" ಎನ್ನುತ್ತಿದ್ದವರು ಮಾತಿನ ನಡುವೆ "ನೀನು" ಎಂದರೆ ಅದು ಏಟು. ಸಲಿಗೆಯ ಗೆಳೆಯ ಇದ್ದಕ್ಕಿದ್ದಂತೆ "ತಾವು ದೊಡ್ಡವರು" ಎಂದರೆ ಬಾಗಿಲು ಹಾಕಿಕೊಂಡ ಎಂದೇ ತಿಳಿಯಬೇಕು.

ಕನ್ನಡದಲ್ಲಿ ಗುಟ್ಟು ಬಾಲದಲ್ಲಿದೆ

ಕನ್ನಡ ವಾಕ್ಯದ ಉದ್ದೇಶ ಹೆಚ್ಚಾಗಿ ಪದದ ಕೊನೆಯಲ್ಲಿ, ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಬೇಗ ಓದುವವರು ನಾಮಪದಗಳನ್ನು ಹೆಕ್ಕಿಕೊಂಡು ಓಡುತ್ತಾರೆ, ಬಾಲ ಬಿಟ್ಟುಹೋಗುತ್ತದೆ. ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಕೊನೆಯ ಪದಕ್ಕೆ ಅಡ್ಡಗೆರೆ ಹಾಕುತ್ತಾ ಓದಿ ನೋಡಿ, ಅದೇ ಪತ್ರ ಬೇರೆಯಾಗಿ ಕಾಣುತ್ತದೆ.

"ತಕ್ಕದ್ದು" ಮತ್ತು "ಬೇಕು" ಕಟ್ಟುಪಾಡು. ಇವುಗಳಲ್ಲಿ ಗೊಂದಲವಿಲ್ಲ. ಗೊಂದಲವಿರುವುದು "ಬಹುದು"ವಿನಲ್ಲಿ. ಸಾರ್ವಜನಿಕ ಪ್ರಕಟಣೆಗಳಲ್ಲಿ ಬರುವ ಈ ಬಗೆಯ ಸಾಲನ್ನು ನೋಡಿ: "ಆಕ್ಷೇಪಣೆ ಇದ್ದಲ್ಲಿ 30 ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬಹುದು. ತಪ್ಪಿದಲ್ಲಿ ಯಾವುದೇ ಆಕ್ಷೇಪಣೆ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು." "ಬಹುದು" ಎಂಬುದನ್ನು ಓದಿ, ಇಷ್ಟವಿದ್ದರೆ ಕೊಟ್ಟರಾಯಿತು ಎಂದುಕೊಳ್ಳುತ್ತೇವೆ. ಭಾರವೆಲ್ಲ ಇರುವುದು "ತಪ್ಪಿದಲ್ಲಿ" ಎಂಬುದರ ಮೇಲೆ. ಈ ಎರಡು ವಾಕ್ಯ ಸೇರಿ ಮಾಡುವ ಕೆಲಸ ಒಂದೇ: ನಿಮ್ಮ ಮೌನವನ್ನು ಒಪ್ಪಿಗೆಯಾಗಿ ಬದಲಿಸುವುದು. ಎಲ್ಲಿ "ಬಹುದು" ಕಂಡರೂ ಅದರ ಮುಂದಿನ ಎರಡು ಸಾಲಿನಲ್ಲಿ "ತಪ್ಪಿದಲ್ಲಿ", "ಇಲ್ಲವಾದಲ್ಲಿ" ಇದೆಯೇ ಎಂದು ಹುಡುಕಿ.

"ಲಾಗಿದೆ", "ಲಾಗುವುದು" ಬಂದಲ್ಲಿ ಕರ್ತೃ ಮಾಯ. "ಪರಿಶೀಲಿಸಲಾಗಿದೆ" ಎಂದರೆ ಯಾರು, ಯಾವತ್ತು ಪರಿಶೀಲಿಸಿದರು? ಪ್ರತಿಯೊಂದು "ಲಾಗಿದೆ"ಯ ಮೇಲೂ "ಯಾರು?" ಎಂದು ಬರೆಯಿರಿ. ಪತ್ರದಲ್ಲೇ ಉತ್ತರ ಸಿಕ್ಕರೆ ಸರಿ, ಸಿಗದಿದ್ದರೆ ಅದೇ ನೀವು ಕೇಳಬೇಕಾದ ಪ್ರಶ್ನೆ. "ಈ ಮೂಲಕ" ಎಂಬ ಮಾತು ಜೊತೆಗಿದ್ದರೆ ಇನ್ನೂ ಎಚ್ಚರ ಬೇಕು. "ಈ ಮೂಲಕ ರದ್ದುಗೊಳಿಸಲಾಗಿದೆ" ಎಂಬುದು ಎಲ್ಲೋ ನಡೆದ ರದ್ದತಿಯ ಸುದ್ದಿಯಲ್ಲ. ಆ ವಾಕ್ಯವೇ ರದ್ದತಿ. ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ವಿವರಿಸಿದ್ದು ಇಂಥ ವಾಕ್ಯಗಳನ್ನೇ: ಹೇಳಿದ ಕೂಡಲೇ ಕೆಲಸ ಆಗಿಬಿಡುವ ಮಾತುಗಳು.

ಇನ್ನು "ಅಂತೆ". ಕನ್ನಡದ ಬಹಳ ಪ್ರಾಮಾಣಿಕವಾದ ಪ್ರತ್ಯಯ ಇದು. "ನಾಳೆ ನೀರು ಬರಲ್ವಂತೆ" ಎಂದವರು, ನಾನು ಕೇಳಿದ್ದು ಹೇಳುತ್ತಿದ್ದೇನೆ, ಕಂಡದ್ದಲ್ಲ ಎಂದು ಒಂದೇ ಉಸಿರಿನಲ್ಲಿ ತಿಳಿಸಿರುತ್ತಾರೆ. ಮೂರನೆಯವರ ಬಾಯಿಗೆ ಹೋಗುವಾಗ ಅದು "ನಾಳೆ ನೀರು ಬರಲ್ಲ" ಆಗುತ್ತದೆ. ಗಾಳಿಸುದ್ದಿ ಹುಟ್ಟುವುದಕ್ಕೆ ಯಾರೂ ಸುಳ್ಳು ಹೇಳಬೇಕಿಲ್ಲ, ಒಬ್ಬರು "ಅಂತೆ" ಬಿಟ್ಟರೆ ಸಾಕು. ಸುದ್ದಿ ಬರೆಯುವವರಿಗೂ ಇದು ಅನ್ವಯ: ದೂರಿನಲ್ಲಿ ಇರುವುದನ್ನು "ಎಂದು ದೂರಿನಲ್ಲಿ ಹೇಳಲಾಗಿದೆ" ಎಂದು ಬರೆಯದೆ ನೇರ ಬರೆದರೆ ಆರೋಪ ಅಪರಾಧವಾಗಿಬಿಡುತ್ತದೆ.

ಪುಟ್ಟ ಬಾಲಗಳೂ ಕಡಿಮೆಯಲ್ಲ. "ನೀನು ಬಾ", "ನೀನೂ ಬಾ", "ನೀನೇ ಬಾ", "ನೀನಾದರೂ ಬಾ." ಕರೆದದ್ದು ಒಬ್ಬನನ್ನೇ. ಎರಡನೆಯದರಲ್ಲಿ ಬೇರೆಯವರು ಆಗಲೇ ಬರುತ್ತಿದ್ದಾರೆ. ಮೂರನೆಯದರಲ್ಲಿ ಇನ್ನೊಬ್ಬರನ್ನು ಕಳಿಸಬೇಡ ಎಂದಿದೆ. ನಾಲ್ಕನೆಯದರಲ್ಲಿ ಯಾರೂ ಬರಲಿಲ್ಲ ಎಂಬ ನೋವಿದೆ. ಹೇಳದೆ ಒಳಗೆ ಸೇರಿಸಿಟ್ಟ ಈ ಸಂಗತಿಗಳ ಮೇಲೆ ಓದುಗ ಸಂದೇಹ ಪಡುವುದು ಅಪರೂಪ. "ಈ ಸಲವಾದರೂ ಪ್ರಾಮಾಣಿಕರನ್ನು ಆರಿಸಿ" ಎಂಬ ಕರಪತ್ರದಲ್ಲಿ ಕಣ್ಣಿಗೆ ಬೀಳುವುದು ವಿನಂತಿ. "ಆದರೂ" ಮಾತ್ರ ಹಿಂದೆ ಗೆದ್ದವರೆಲ್ಲ ಅಪ್ರಾಮಾಣಿಕರು ಎಂದು ಆಗಲೇ ತೀರ್ಪು ಕೊಟ್ಟಿರುತ್ತದೆ. ಹಾಗೇ "ಹೇಳಿದ", "ಹೇಳಿಬಿಟ್ಟ." ಘಟನೆ ಒಂದೇ, ಆದರೆ "ಬಿಟ್ಟ" ಎಂದಾಗ ಹೇಳಬಾರದಿತ್ತು ಎಂಬ ಬರಹಗಾರನ ನಿಲುವೂ ಬಂದು ಸೇರಿರುತ್ತದೆ.

ಕೊಂಡಿಗಳನ್ನು ಎಣಿಸುವುದು

ವಾಕ್ಯಗಳ ರಾಶಿ ಪಠ್ಯವಾಗುವುದು ಕೊಂಡಿಗಳಿಂದ. ಅವನು, ಅದು, ತಾನು, ಹೀಗಾಗಿ, ಆದರೆ, ಸದರಿ, ಮೇಲ್ಕಂಡ, ಇವೆಲ್ಲ ಹಿಂದೆ ಹೇಳಿದ ಏನನ್ನೋ ಕೈಮಾಡಿ ತೋರಿಸುವ ಪದಗಳು. ಪ್ರತಿಯೊಂದಕ್ಕೂ ಸುತ್ತು ಹಾಕಿ, ಅದು ಯಾವುದನ್ನು ತೋರುತ್ತಿದೆಯೋ ಅಲ್ಲಿಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಕೈ ತಡೆಯಿತೆಂದರೆ ಅಲ್ಲೇ ಸಮಸ್ಯೆ.

ಜಮೀನಿನ ಕಾಗದಗಳಲ್ಲಿ ಇದು ದುಬಾರಿ. "ಸರ್ವೆ ನಂ. 42ರಲ್ಲಿ 1 ಎಕರೆ 10 ಗುಂಟೆ ಹಾಗೂ ಸರ್ವೆ ನಂ. 43ರಲ್ಲಿ 20 ಗುಂಟೆ ಜಮೀನಿದ್ದು, ಸದರಿ ಜಮೀನನ್ನು..." ಎಂದಿದ್ದರೆ "ಸದರಿ" ಯಾವುದು? ಎರಡೂ ಸೇರಿ 1 ಎಕರೆ 30 ಗುಂಟೆಯೋ, ಕೊನೆಗೆ ಹೆಸರಿಸಿದ 20 ಗುಂಟೆ ಮಾತ್ರವೋ? ಬರೆಸುವಾಗಲೇ "ಸದರಿ ಎರಡೂ ಸರ್ವೆ ನಂಬರಿನ ಒಟ್ಟು 1 ಎಕರೆ 30 ಗುಂಟೆ" ಎಂದು ಸೇರಿಸಿದರೆ ಒಂದು ಸಾಲು ಹೆಚ್ಚಾಗುತ್ತದೆ, ಕೋರ್ಟಿನ ಅಲೆದಾಟ ತಪ್ಪುತ್ತದೆ. ಬಾಡಿಗೆ ಕರಾರಿನಲ್ಲೂ ಅಷ್ಟೆ. ಮೊದಲ ಪುಟದಲ್ಲಿ ಯಾರು "ಒಂದನೇ ಪಾರ್ಟಿ", ಯಾರು "ಎರಡನೇ ಪಾರ್ಟಿ" ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪ್ರತಿ ಷರತ್ತಿನಲ್ಲೂ ಪಾರ್ಟಿಯ ಜಾಗದಲ್ಲಿ ನಿಜವಾದ ಹೆಸರಿಟ್ಟು ಜೋರಾಗಿ ಓದಿ. ಹಳೆಯ ಮಾದರಿಯಿಂದ ನಕಲು ಮಾಡುವಾಗ ಇಬ್ಬರೂ ಅದಲುಬದಲಾಗಿ, ಮನೆಗೆ ಸುಣ್ಣ ಬಳಿಸುವ ಖರ್ಚು ತಪ್ಪು ತಲೆಗೆ ಬಿದ್ದಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ಕನ್ನಡ ಇಲ್ಲಿ ಒಂದು ಸಹಾಯವನ್ನೂ ಮಾಡುತ್ತದೆ. "ರಾಜು ಸುರೇಶನಿಗೆ ತನ್ನ ಬೈಕ್ ಕೊಟ್ಟ" ಎಂದರೆ ಬೈಕ್ ರಾಜುವಿನದೇ. "ಅವನ ಬೈಕ್ ಕೊಟ್ಟ" ಎಂದರೆ ಸುರೇಶನದೋ ಮೂರನೆಯವನದೋ ಆಗಿರಬಹುದು. ದೂರು, ಹೇಳಿಕೆ ಬರೆಯುವಾಗ "ತನ್ನ" ಮತ್ತು "ಅವನ" ಎರಡನ್ನೂ ಅವುಗಳ ಜಾಗದಲ್ಲಿ ಬಳಸಿ.

ಆರು ಗುರುತು

ಉದ್ದದ ಬರಹದ ತಾತ್ಪರ್ಯ ನಿರ್ಣಯಿಸಲು ಮೀಮಾಂಸಕರೂ ವೇದಾಂತಿಗಳೂ ಆರು ಗುರುತುಗಳನ್ನು ಇಟ್ಟುಕೊಂಡಿದ್ದರು: ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಅಂದರೆ ಆರಂಭ ಮತ್ತು ಕೊನೆ ಎಲ್ಲಿ ಕೂಡುತ್ತವೆ, ಯಾವುದು ಮತ್ತೆ ಮತ್ತೆ ಬರುತ್ತದೆ, ಬೇರೆಲ್ಲೂ ಸಿಗದ ಹೊಸದೇನು, ಒಪ್ಪಿದರೆ ಏನು ಸಿಗುತ್ತದೆ, ಯಾವುದನ್ನು ಹೊಗಳಿದೆ ಅಥವಾ ತೆಗಳಿದೆ, ಯಾವ ಯುಕ್ತಿ ಕೊಟ್ಟಿದೆ. ವೇದವಾಕ್ಯಕ್ಕೆ ಮಾಡಿದ ಈ ಅಳತೆಗೋಲು ಇವತ್ತಿನ ಫಾರ್ವರ್ಡಿಗೂ ಚೆನ್ನಾಗಿ ಒದಗುತ್ತದೆ. ಇದನ್ನು ಶಾಲೆಗಳಲ್ಲಿ ಕಲಿಸದೇ ಇರುವುದು ನಿಜಕ್ಕೂ ನಷ್ಟ.

ಒಂದು ಮಾದರಿ ತೆಗೆದುಕೊಳ್ಳೋಣ. "ದಯವಿಟ್ಟು ಪೂರ್ತಿ ಓದಿ, ಎಲ್ಲರಿಗೂ ತಲುಪಿಸಿ. ಈ ಎಲೆಯ ರಸ ಕುಡಿದರೆ 7 ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ. ಔಷಧ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ. ನಮ್ಮ ಹಿರಿಯರ ಜ್ಞಾನ ಎಷ್ಟು ದೊಡ್ಡದು ನೋಡಿ. ಒಬ್ಬರಿಗಾದರೂ ಉಪಯೋಗವಾದೀತು, ಈಗಲೇ ಶೇರ್ ಮಾಡಿ." ಆರಂಭ: ತಲುಪಿಸಿ. ಕೊನೆ: ಶೇರ್ ಮಾಡಿ. ಮರುಕಳಿಸಿದ್ದು: ಅದೇ. ಫಲ ಸಿಗುವುದು ರಸ ಕುಡಿದವರಿಗಿಂತ ಮೊದಲು ಶೇರ್ ಮಾಡಿದವರಿಗೆ, ಪುಣ್ಯದ ರೂಪದಲ್ಲಿ. ಹೊಗಳಿಕೆ ಹಿರಿಯರಿಗೆ, ತೆಗಳಿಕೆ ಕಂಪನಿಗಳಿಗೆ, ಎರಡೂ ಎಲೆಯ ಬಗ್ಗೆ ಅಲ್ಲ. ಅಪೂರ್ವತೆ ಇರಬೇಕಾದ ಕಡೆ ಎಲೆಯ ಪ್ರಮಾಣವಿಲ್ಲ, ಎಷ್ಟು ಹೊತ್ತಿಗೆ ಎಂದಿಲ್ಲ, ಯಾರಿಗೆ ಕೂಡದು ಎಂದಿಲ್ಲ. ಉಪಪತ್ತಿ ಶೂನ್ಯ. ಆರು ಗುರುತೂ ಒಂದೇ ಕಡೆ ಬೆರಳು ಮಾಡುತ್ತವೆ. ಈ ಬರಹದ ತಾತ್ಪರ್ಯ ಔಷಧವಲ್ಲ, ಹಂಚುವಿಕೆ. ನಿಜವಾದ ಔಷಧದ ಚೀಟಿಯಲ್ಲಿ "ಎಲ್ಲರಿಗೂ ಕೊಡಿ" ಎಂದು ಇರುವುದೇ ಇಲ್ಲ. ಅಲ್ಲಿರುವುದು ಒಬ್ಬರ ಹೆಸರು, ವಯಸ್ಸು, ಪ್ರಮಾಣ, ಹೊತ್ತು.

ಈಗ ಕಚೇರಿ ಉತ್ತರವೊಂದರ ಮಾದರಿ: "ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ಸದರಿ ಚರಂಡಿ ಕಾಮಗಾರಿಯು ಈ ಕಚೇರಿಯ ವ್ಯಾಪ್ತಿಗೆ ಒಳಪಡದ ಕಾರಣ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಲಾಗಿದೆ. ಅನುದಾನ ಲಭ್ಯವಾದ ಕೂಡಲೇ ಕ್ರಮ ವಹಿಸಲಾಗುವುದು ಎಂದು ತಿಳಿಯಪಡಿಸಿದೆ."

ಓದಿದವರಿಗೆ ಕೊನೆಯ ಸಾಲು ಭರವಸೆಯಂತೆ ಕೇಳುತ್ತದೆ. ಗುರುತು ಹಾಕಿ ನೋಡಿದರೆ ಬೇರೆ. ವ್ಯಾಪ್ತಿಯೇ ಇಲ್ಲದ ಕಚೇರಿ ಅನುದಾನ ಬಂದರೂ ಕ್ರಮ ವಹಿಸುವುದು ಹೇಗೆ? ಆರಂಭಕ್ಕೂ ಕೊನೆಗೂ ಕೂಡಿಬರುವುದಿಲ್ಲ. ಎರಡು "ಲಾಗಿದೆ", ಒಂದು "ಲಾಗುವುದು", ಮೂರಕ್ಕೂ ಕರ್ತೃವಿಲ್ಲ. "ಸಂಬಂಧಪಟ್ಟ ಕಚೇರಿ"ಗೆ ಹೆಸರಿಲ್ಲ. ವರ್ಗಾಯಿಸಿದ ಪತ್ರಕ್ಕೆ ಸಂಖ್ಯೆಯಿಲ್ಲ, ದಿನಾಂಕವಿಲ್ಲ. ಗಟ್ಟಿಯಾಗಿ ನಿಲ್ಲುವ ಕ್ರಿಯೆ "ತಿಳಿಯಪಡಿಸಿದೆ" ಒಂದೇ. ಈ ಪತ್ರ ಮಾಡಿರುವ ಕೆಲಸ ಚರಂಡಿಯ ವಿಷಯದಲ್ಲಿ ಏನೂ ಇಲ್ಲ. ನಿಮ್ಮ ಅರ್ಜಿಯನ್ನು ತಮ್ಮ ಲೆಕ್ಕದಲ್ಲಿ ವಿಲೇವಾರಿ ಮಾಡಿದೆ. ಹೀಗೆ ಓದಿದವರು ಅನುದಾನಕ್ಕೆ ಕಾಯುವುದಿಲ್ಲ.

ಉತ್ತರ ಬರೆಯುವಾಗ

ಅವರ ಬರಹದ ಕೆಲಸ ತಿಳಿದ ಮೇಲೆ ನಿಮ್ಮ ಬರಹದ ಕೆಲಸವನ್ನೂ ಒಂದೇ ಎಂದು ನಿಗದಿ ಮಾಡಿಕೊಳ್ಳಿ. ಕೋಪ ತೋಡಿಕೊಳ್ಳುವುದು, ದೂರುವುದು, ಮಾಹಿತಿ ಕೇಳುವುದು ಮೂರನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಓದುವವರು ಉತ್ತರಿಸಲು ಸುಲಭವಾದುದನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಬರೆಯುವ ಅರ್ಜಿ ಇದಕ್ಕೆ ಒಳ್ಳೆಯ ಕಸರತ್ತು. ಆ ಕಾಯ್ದೆ ಕೊಡಿಸುವುದು ಕಚೇರಿಯ ದಾಖಲೆಯಲ್ಲಿ ಇರುವುದನ್ನು, ಅಧಿಕಾರಿಯ ಸಮಜಾಯಿಷಿಯನ್ನಲ್ಲ. "ನಮ್ಮ ಚರಂಡಿ ಯಾಕೆ ಇನ್ನೂ ಮಾಡಿಲ್ಲ?" ಎಂದರೆ ಅದು ಪ್ರಶ್ನೆಯ ವೇಷದ ದೂರು, "ನೀವು ಕೇಳಿರುವುದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ" ಎಂಬ ಉತ್ತರಕ್ಕೆ ದಾರಿ. ಅದನ್ನೇ ಹೀಗೆ ತಿರುಗಿಸಿ: "ದಿನಾಂಕ ಇಂಥದ್ದರ ನನ್ನ ಮನವಿಯನ್ನು ವರ್ಗಾಯಿಸಿದ ಪತ್ರದ ದೃಢೀಕೃತ ಪ್ರತಿ, ಆ ಮನವಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ನೀಡುವುದು." ಈಗ ಪ್ರತಿ ಇದ್ದರೆ ಕೊಡಬೇಕು, ಇಲ್ಲದಿದ್ದರೆ ಇಲ್ಲವೆಂದು ಬರೆದು ಕೊಡಬೇಕು. ಎರಡೂ ನಿಮಗೆ ಉಪಯೋಗ.

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಎಂಬುದು ಇಲ್ಲಿನ ನಿಯಮ. ಮಾಹಿತಿ ಯಾಕೆ ಬೇಕು ಎಂದು ಬರೆಯಬೇಕಿಲ್ಲ, ಕಲಂ 6(2) ಆ ರಕ್ಷಣೆ ಕೊಡುತ್ತದೆ. ಹಾಗಾಗಿ ನೂರೈವತ್ತರಲ್ಲಿ ಒಂದು ಪದವನ್ನೂ ನಿಮ್ಮ ಕಷ್ಟ ವಿವರಿಸಲು ಖರ್ಚು ಮಾಡಬೇಡಿ. ಮಾಹಿತಿ ಬೇರೆ ಪ್ರಾಧಿಕಾರದ ಬಳಿ ಇದ್ದರೆ ಕಲಂ 6(3)ರಂತೆ 5 ದಿನದೊಳಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ಸಾಮಾನ್ಯವಾಗಿ ಉತ್ತರಕ್ಕೆ 30 ದಿನ. ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ ದಿನದಿಂದ, ಉತ್ತರವೇ ಬರದಿದ್ದರೆ ಗಡುವು ಮುಗಿದ ದಿನದಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಕಳಿಸುವ ಮುಂಚೆ ಅರ್ಜಿಯನ್ನು ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ಓದಿದ ಮೇಲೆ ಈ ಸಾಲು ತುಂಬಲು ಹೇಳಿ: "ಇದನ್ನು ಓದಿದ ಅಧಿಕಾರಿ ಮಾಡಬೇಕಾದ ಕೆಲಸ ____." ಅವರು "ಪಾಪ, ನಿಮಗೆ ಬಹಳ ತೊಂದರೆಯಾಗಿದೆ" ಎಂದರೆ ಹರಿದು ಮತ್ತೆ ಬರೆಯಿರಿ. "ಎರಡು ಪ್ರತಿ ಕೊಡಬೇಕು" ಎಂದರೆ ಸಹಿ ಹಾಕಿ, ಸಲ್ಲಿಸುವಾಗ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.